ಧ್ವನಿ ಚೆನ್ನಾಗಿದೆ

ಕಾರಿನ ಮುಂಗಾಜಿಗೆ ಹತ್ತಿದ್ದ ಹಿಮವನ್ನು ಸಿ.ಡಿ. ಡಬ್ಬಿಯ ಮುಚ್ಚಳದಿಂದ ಕೆರೆಯುತ್ತಿದ್ದಾಗ, ತಾನು ನಿನ್ನೆ ಸಂಜೆ ಸುಳ್ಳು ಹೇಳಲಿಲ್ಲ ಎಂಬುದು ರೇಜಿಸ್ ಶಾಬನೆಲ್‌ಗೆ ಮತ್ತೊಮ್ಮೆ ಹೊಳೆದು ಕೊಂಚ ಸಮಾಧಾನವಾಯಿತು. ಸುಳ್ಳು ಹೇಳುವುದಕ್ಕೆ ಬಾಯಿ ತೆರೆಯಬೇಕು. ಅವನು ತೆರೆದಿರಲಿಲ್ಲ. ಎಲ್ಲರೂ ತನ್ನ ಕಡೆ ತಿರುಗಿ ನಕ್ಕಾಗ ತಾನೂ ನಕ್ಕಿದ್ದ, ಪೆನ್ನಿನ ಮುಚ್ಚಳ ತೆಗೆದು ಹಾಕಿದ್ದ, ಮತ್ತೆ ತೆಗೆದಿದ್ದ. ನಗುವುದು ಸುಳ್ಳಿನ ಲೆಕ್ಕಕ್ಕೆ ಬರುತ್ತದೆಯೇ? ಪಾದ್ರಿಯಾಗಿದ್ದ ಅವನ ಚಿಕ್ಕಪ್ಪ ಬದುಕಿದ್ದಿದ್ದರೆ ಬರುತ್ತದೆ ಎನ್ನುತ್ತಿದ್ದ. ಆದರೆ ಆ ಚಿಕ್ಕಪ್ಪನಿಗೆ ಬೇಯಿಸಿದ ಆಲೂಗಡ್ಡೆಗೆ ಎರಡನೆಯ ಸಲ ಬೆಣ್ಣೆ ಹಚ್ಚಿಕೊಳ್ಳುವುದೂ ಅದೇ ಲೆಕ್ಕಕ್ಕೆ ಬರುತ್ತಿತ್ತು. ಗಾಜಿನ ಮೇಲೆ ಒಂದು ತಟ್ಟೆಯಷ್ಟು ಜಾಗ ಸ್ವಚ್ಛವಾಯಿತು. ಅಷ್ಟು ಸಾಕು ಎಂದುಕೊಂಡು ಅವನು ಹೊರಟ. ಅಷ್ಟು ಸಾಕು ಎಂದುಕೊಳ್ಳುವುದೇ ತನ್ನ ಇಡೀ ಉದ್ಯೋಗದ ರೀತಿಯಾಗಿದೆ ಎಂದು ಮೊದಲ ತಿರುವಿನಲ್ಲಿ ಅನ್ನಿಸಿತು. ಎರಡನೆಯ ತಿರುವಿನಲ್ಲಿ ಎದುರಿಗೆ ಹಾಲಿನ ಟ್ಯಾಂಕರು ಬಂದದ್ದರಿಂದ ಆ ಯೋಚನೆ ಅಲ್ಲಿಗೇ ನಿಂತಿತು.

ಅವನು ಎರಡು ಶಾಲೆಗಳ ಮೇಷ್ಟ್ರು. ವೆರ್ನಾಜ್‌ನ ಶಾಲೆಯಲ್ಲಿ ಅವನಿಗೆ ಬೇಕಾದಷ್ಟು ತರಗತಿಗಳಿಲ್ಲ; ಬಾಕಿ ಗಂಟೆ ತುಂಬಿಸಲು ಬುಧವಾರ, ಶುಕ್ರವಾರ ಗುಡ್ಡದಾಚೆಯ ಇನ್ನೊಂದು ಊರಿಗೆ ಹೋಗಬೇಕು. ಸಂಗೀತದವರ, ಚಿತ್ರದವರ ಹಣೆಬರಹ ಇದು. ಫ್ರೆಂಚ್ ಮೇಷ್ಟ್ರಿಗೆ ನಾಲ್ಕು ತರಗತಿ ಕೊಟ್ಟರೆ ವಾರ ತುಂಬಿ ಉಕ್ಕುತ್ತದೆ. ಗಣಿತದವರಿಗೆ ಮಕ್ಕಳ ಹೆಸರಲ್ಲದೆ ಅವರ ಅಜ್ಜಿಯರ ಆಪರೇಷನ್ನುಗಳೂ ಗೊತ್ತಿರುತ್ತವೆ. ವಾರಕ್ಕೊಂದು ಗಂಟೆಯವನಿಗೆ ಮಕ್ಕಳು ರೈಲಿನ ಕಿಟಕಿಯಿಂದ ಕಾಣುವ ಊರುಗಳ ಹಾಗೆ. ಹೆಸರು ಓದುವಷ್ಟರಲ್ಲಿ ಸ್ಟೇಷನ್ ಹಿಂದಾಗಿರುತ್ತದೆ. ಏಳನೇ ತರಗತಿಯ ಮಗು ಆ ವಾರದಲ್ಲಿ ಭಿನ್ನರಾಶಿ ಕೂಡಿಸಿ, ಬೈಜಾಂಟಿಯಮ್ಮಿನ ಚಕ್ರವರ್ತಿಗಳನ್ನು ಒಬ್ಬೊಬ್ಬರಾಗಿ ಸಾಯಿಸಿ, ತಮ್ಮದೇ ಜಿಲ್ಲೆಯ ಸತ್ತ ಜ್ವಾಲಾಮುಖಿಗಳನ್ನು ಅಡ್ಡ ಕೊಯ್ದು ಬಣ್ಣ ಹಚ್ಚಿ, ಕಡ್ಡಿಗಳಿಂದ ಸೇತುವೆ ಕಟ್ಟಿ ಅದರ ಮೇಲೆ ಭಾರವಿಟ್ಟು ಮುರಿದು, ಹೊಸದಾಗಿ ಹಿಡಿದ ಸ್ಪ್ಯಾನಿಷ್‌ನಲ್ಲಿ ತನ್ನ ನಾಯಿಯ ವಯಸ್ಸು ಹೇಳಿ, ಕಡೆಗೆ ಉಸಿರು ಬಿಡಲೆಂದು ಅವನ ಕೋಣೆಗೆ ಬರುತ್ತದೆ. ಸಂಗೀತದಲ್ಲಿ ಕಡಿಮೆ ಬಂತೆಂದು ಫ್ರೆಂಚ್ ಗಣರಾಜ್ಯದ ಇತಿಹಾಸದಲ್ಲಿ ಯಾವ ಮಗುವೂ ಹಿಂದುಳಿದಿಲ್ಲ. ಹೆಚ್ಚು ಬಂತೆಂದು ಮುಂದೆ ಹೋದದ್ದೂ ಇಲ್ಲ. ಆದರೂ ಟರ್ಮಿನ ಕೊನೆಯಲ್ಲಿ, ಎಲ್ಲ ವಿಷಯದವರ ಹಾಗೆ, ಅವನೂ ಪ್ರತಿಯೊಂದು ಮಗುವಿನ ಬಗ್ಗೆಯೂ ಒಂದು ವಾಕ್ಯ ಬರೆಯಲೇಬೇಕು.

ಆ ವಾಕ್ಯಗಳು ಅವನ ಬಳಿ ಸಿದ್ಧವಾಗಿದ್ದವು. ವರ್ಷಗಳಿಂದ ತಿಕ್ಕಿ ನುಣುಪು ಮಾಡಿಟ್ಟವು, ಯಾರ ಕೈಗೂ ಚುಚ್ಚದಂಥವು. ‘ಶ್ರದ್ಧೆಯಿದೆ, ಮಾತು ಕಡಿಮೆ ಮಾಡಬೇಕು.’ ‘ಲಯಜ್ಞಾನವಿದೆ.’ ‘ಗಮನವಿಟ್ಟರೆ ಇನ್ನೂ ಚೆನ್ನಾಗಿ ಮಾಡಬಲ್ಲ.’ ಭಾನುವಾರ ಸಂಜೆ ಟೀವಿಯಲ್ಲಿ ಸೈಕಲ್ ರೇಸಿನ ಮರುಪ್ರಸಾರ ನೋಡುತ್ತಾ ಅವನು ಅವನ್ನು ಹಂಚುತ್ತಿದ್ದ. ಅಂಕ ನೋಡಿ, ಅಕ್ಕಪಕ್ಕದವರಿಗೆ ಒಂದೇ ಬಾರದ ಹಾಗೆ ಜಾಗ್ರತೆ ಮಾಡಿ, ಇಸ್ಪೀಟು ಹಂಚುವವನ ಪ್ರಾಮಾಣಿಕತೆಯಿಂದ. ಹಾಡಿಗೆ ಅಂಕವೂ ಗುಂಪಿನದೇ. ಐದೈದು ಮಕ್ಕಳು ನಿಂತು ಹಾಡುತ್ತಾರೆ, ಅವನು ಕಣ್ಣು ಮುಚ್ಚಿ ಕೇಳುತ್ತಾನೆ, ಐವರಿಗೂ ಒಂದೇ ಅಂಕ. ಈ ಸಲ ಏಳನೇ ಬಿ ತರಗತಿಯಲ್ಲಿ ಒಳ್ಳೆಯ ಅಂಕ ಬಂದ ಒಂದು ಗುಂಪಿನಲ್ಲಿ, ಕ್ಲೆಮಾಂಸ್ ರೂವೆ ಎಂಬ ಹೆಸರಿನ ಮುಂದೆ, ಸೈಕಲ್ಲುಗಳು ಇಳಿಜಾರಿನಲ್ಲಿ ಧಾವಿಸುತ್ತಿದ್ದ ಹೊತ್ತಿನಲ್ಲಿ, ಅವನ ಕೈ ಬರೆದದ್ದು: ‘ಧ್ವನಿ ಚೆನ್ನಾಗಿದೆ. ಮುಂದೆ ಬಂದು ಧೈರ್ಯವಾಗಿ ಹಾಡುತ್ತಾಳೆ. ಹೀಗೇ ಮುಂದುವರಿಯಲಿ.’

ನಿನ್ನೆಯ ತರಗತಿ ಸಭೆಯಲ್ಲಿ ಅವಳ ಸರದಿ ಬಂದಾಗ ಗಣಿತದ ಸೆವ್ರಿನ್ ದೆಲ್ಮಾಸ್ ನಿಟ್ಟುಸಿರು ಬಿಟ್ಟಳು. ಏಳನೇ ಬಿಗೆ ಅವಳೇ ಕ್ಲಾಸ್ ಟೀಚರ್. “ಕ್ಲೆಮಾಂಸ್ ವಿಷಯ ಎಲ್ಲರಿಗೂ ಗೊತ್ತಿರೋದೇ. ಗೇಟಿನೊಳಗೆ ಕಾಲಿಟ್ರೆ ಮುಗೀತು, ಒಂದು ಮಾತಿಲ್ಲ. ಹೋದ ವರ್ಷ ಹೇಗೋ ಈ ವರ್ಷಾನೂ ಹಾಗೇ. ಬರವಣಿಗೇಲಿ ಮಾತ್ರ ಎಲ್ಲಾದ್ರಲ್ಲೂ ಮುಂದು,” ಎಂದಳು. ಎಲ್ಲರಿಗೂ ಎಂದರೆ ಸೆಪ್ಟೆಂಬರಿನ ಮೊದಲ ದಿನದ ಮೀಟಿಂಗಿನಲ್ಲಿದ್ದ ಎಲ್ಲರಿಗೂ. ಶಾಬನೆಲ್ ಅವತ್ತು ಗುಡ್ಡದಾಚೆಯ ಶಾಲೆಯ ಮೀಟಿಂಗಿನಲ್ಲಿ ಇನ್ನಾರದೋ ವಿಷಯ ಕೇಳುತ್ತಿದ್ದ. ಛೆ, ಪಾಪದ ಹುಡುಗಿ ಎಂದು ಅವನೂ ಎಲ್ಲರ ಜೊತೆ ತಲೆಯಾಡಿಸಿದ. ಗೋಡೆಯ ಮೇಲಿನ ಪರದೆಯಲ್ಲಿ ಅವಳ ಟರ್ಮಿನ ವರದಿ ಮೆಲ್ಲಗೆ ಮೇಲಕ್ಕೆ ಸರಿಯಿತು. ಫ್ರೆಂಚ್, ಇತಿಹಾಸ, ಇಂಗ್ಲಿಷ್. ‘ಮೌಖಿಕ ಅಂಕ ಕೊಡಲಾಗಿಲ್ಲ.’ ಆಮೇಲೆ ಕೆಳಗಿನಿಂದ, ಮುಳುಗಿದ್ದ ಹೆಣ ತೇಲಿ ಬಂದ ಹಾಗೆ, ಸಂಗೀತದ ಸಾಲು ಬಂತು. ಪಾಪದ ಹುಡುಗಿಗಾಗಿ ಆಡುತ್ತಿದ್ದ ಅವನ ತಲೆ ಅಲ್ಲೇ ನಿಂತಿತು. ಆಸ್ತಿಯೇ ಎಂಬ ಹೆಸರಿನ ಹೆಡ್‌ಮೇಡಂ ಕನ್ನಡಕ ಏರಿಸಿ ಅದನ್ನು ಗಟ್ಟಿಯಾಗಿ ಓದಿದರು. “ಲೋ ರೇಜಿಸ್! ಹಾಡ್ತಾಳೇನೋ?” ಎಂದವನು ವ್ಯಾಯಾಮದ ಫ್ರಾಂಕ್. ಪೋಷಕರ ಪ್ರತಿನಿಧಿಯಾಗಿ ಬಂದಿದ್ದ ಹೆಂಗಸು ಕರ್ಚೀಫು ತೆಗೆದಳು. ಮೂಕವಾಗಿದ್ದ ಮಗುವಿಗೆ ಸಂಗೀತ ಬಾಯಿ ಕೊಟ್ಟಿತು ಎಂಬ ಕಥೆಗೆ ಆ ಕೋಣೆಯಲ್ಲಿ ಎಷ್ಟು ಹಸಿವಿತ್ತೆಂದರೆ, ಬಡಿಸುವವನು ಬೇಡವೆಂದರೂ ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಹುಡುಗಿಯ ವರದಿಯ ಕೊನೆಯಲ್ಲಿ ‘ಅಭಿನಂದನೆ’ ಎಂದು ಬರೆಯಲಾಯಿತು. ನಾಳೆಯೇ ಏಳನೇ ಬಿಯ ಸಂಗೀತ ಇದೆಯಲ್ಲ, ನಾನೂ ನಮ್ಮ ಶಾಲೆಯ ಮನಶ್ಶಾಸ್ತ್ರದವರೂ ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತೇವೆ ಎಂದರು ಹೆಡ್‌ಮೇಡಂ. ಮೇಜಿನ ತುದಿಯಲ್ಲಿ ಮಕ್ಕಳ ಪ್ರತಿನಿಧಿ ಇಲೋನಾ ಎಂಬ ಬಾಯಿಬಡುಕಿ, ಹಲ್ಲಿಗೆ ತಂತಿ ಕಟ್ಟಿಸಿಕೊಂಡವಳು, ಅವನನ್ನೇ ನೋಡುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡಳು. ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆ ಎಂಬುದು ಅವನಿಗೂ ಗೊತ್ತಾಯಿತು. ಹನ್ನೆರಡು ವರ್ಷದವಳ ಆ ಮರ್ಯಾದೆಯ ಮೌನದ ಮುಂದೆ ತನ್ನ ಮೌನ ಕೊಳಕಾಗಿ ಕಂಡಿತು.

ಸ್ಟಾಫ್ ರೂಮಿನ ಬಾಗಿಲು ತಳ್ಳಿದ್ದೇ ಫ್ರಾಂಕ್ ಕಾಫಿ ಮೆಷಿನ್ ಮುಂದೆ ಮಂಡಿಯೂರಿದ. “ಬಂದ್ರಪ್ಪಾ, ಮೂಗರ ಬಾಯಲ್ಲಿ ಹಾಡು ಹೊರಡಿಸೋ ಮಹಾನುಭಾವರು! ದಾರಿ ಬಿಡಿ, ದಾರಿ ಬಿಡಿ. ಸ್ವಾಮೀ, ನನ್ನ ಎಡಮಂಡಿಗೂ ಸ್ವಲ್ಪ ಕೈ ಇಡಿ, ಮೆಟ್ಲು ಇಳಿಯೋಕಾಗ್ತಿಲ್ಲ.”

“ಏಳೋ, ಪ್ಯಾಂಟ್ ಕೊಳೆಯಾಗತ್ತೆ,” ಎಂದ ಶಾಬನೆಲ್.

“ನೋಡಿದ್ರಾ, ಎಷ್ಟು ವಿನಯ!” ಎಂದು ಫ್ರಾಂಕ್ ಮೇಜು ಹಿಡಿದುಕೊಂಡು ಎದ್ದ. ನಿಜವಾಗಿಯೂ ಮಂಡಿ ನೋಯುತ್ತಿತ್ತು ಅಂತ ಕಾಣುತ್ತದೆ.

ಸೆವ್ರಿನ್ ತಾನೇ ಮಾಡಿದ ಸೇಬಿನ ಟಾರ್ಟಿನ ದೊಡ್ಡ ತುಂಡೊಂದನ್ನು ಕಾಗದದ ಕರವಸ್ತ್ರದಲ್ಲಿಟ್ಟು ಅವನ ಕೈಗೆ ಕೊಟ್ಟಳು. ಹದಿನಾಲ್ಕು ವರ್ಷದಲ್ಲಿ ಅವಳು ಅವನಿಗೆ ಕೊಟ್ಟ ಮೊದಲ ವಸ್ತು. “ನಿನ್ನೆ ಸಂಜೆಯೇ ಅವರಮ್ಮನಿಗೆ ಫೋನ್ ಮಾಡ್ಬಿಟ್ಟೆ, ತಡೀಲಿಕ್ಕಾಗ್ಲಿಲ್ಲ. ಏನು ಮಾಡ್ದೆ, ಹೇಳು ರೇಜಿಸ್? ನಾನು ಬೋರ್ಡ್ ಹತ್ರ ಕರೀತೀನಿ, ಲೆಕ್ಕ ಎಲ್ಲಾ ಸರಿಯಾಗಿ ಮಾಡ್ತಾಳೆ. ಉತ್ತರ ಓದಮ್ಮಾ ಅಂದ್ರೆ ಮಾರ್ಕರ್ ಹಿಡ್ಕೊಂಡು ನಿಂತ್ಬಿಡ್ತಾಳೆ. ಬೈಯಲ್ಲ, ಗದರಲ್ಲ. ಸುಮ್ನೆ ನಗ್ತಾ ಕಾಯ್ತೀನಿ. ಇಡೀ ಕ್ಲಾಸೇ ಕಾಯತ್ತೆ. ನೀನು ಏನು ಮಾಡ್ದೆ?”

“ನಾನು ಏನೂ ಮಾಡ್ಲಿಲ್ಲ ಸೆವ್ರಿನ್.”

“ಅದೇ ನಿನ್ನ ದೊಡ್ಡತನ,” ಎಂದಳು ಅವಳು, ಕಣ್ಣು ತುಂಬಿಕೊಂಡು.

ನಿಜ ಹೇಳಿದರೂ ಅದು ವಿನಯವೆಂದು ಕಾಣುವ ಸ್ಥಾನಕ್ಕೆ ತಾನು ಬಂದು ಮುಟ್ಟಿದ್ದೇನೆ. ಇದಕ್ಕೆ ಸಂತರು ಎಷ್ಟು ವರ್ಷ ಉಪವಾಸ ಮಾಡುತ್ತಿದ್ದರೋ ಎಂದುಕೊಳ್ಳುತ್ತಾ ಅವನು ಟಾರ್ಟು ತಿಂದ. ಚೆನ್ನಾಗಿತ್ತು. ಅದೇ ಕಷ್ಟವಾದದ್ದು. ಬೆಳಗಿನ ಎರಡು ಪೀರಿಯಡ್ಡುಗಳಲ್ಲಿ ಆರನೆಯವರಿಗೆ ತಮಟೆ, ತುತ್ತೂರಿಗಳ ವ್ಯತ್ಯಾಸ ಕೇಳಿಸುತ್ತಾ ಅವನು ಸಾಲುಸಾಲು ಮುಖಗಳನ್ನು ನೋಡಿದ. ಒಬ್ಬ ಹುಡುಗ ಕಿಟಕಿಯ ಕಡೆ ಬಾಯಿ ತೆರೆದು ಕೂತಿದ್ದ. ಇವನಿಗೆ ಏನು ಬರೆದೆ? ‘ಶ್ರದ್ಧೆಯಿದೆ’ಯೋ, ‘ಗಮನವಿಟ್ಟರೆ’ಯೋ? ಇಷ್ಟು ವರ್ಷ ತಾನು ಯಾರ ಬಗ್ಗೆಯೂ ಕೆಟ್ಟದ್ದು ಬರೆದಿಲ್ಲ ಎಂಬ ಹೆಮ್ಮೆಯೊಂದು ಒಳಗೆಲ್ಲೋ ಬೆಚ್ಚಗೆ ಕೂತಿತ್ತು. ಈಗ ನೋಡಿದರೆ ಅದು ಯಾರ ಬಗ್ಗೆಯೂ ಬರೆದೇ ಇಲ್ಲ ಎಂಬುದರ ಇನ್ನೊಂದು ಹೆಸರಾಗಿತ್ತು. ಕಿಟಕಿಯ ಹುಡುಗ ಆಕಳಿಸಿದ. ಶಾಬನೆಲ್‌ಗೂ ಆಕಳಿಕೆ ಬಂತು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಸಾಸೇಜು, ಬೇಯಿಸಿದ ಮಸೂರ. ತಟ್ಟೆ ಎತ್ತಿಕೊಳ್ಳುವಷ್ಟರಲ್ಲಿ ಗೇಟಿನವಳು ಬಂದು, ಯಾರೋ ನಿಮ್ಮನ್ನು ಕೇಳಿಕೊಂಡು ಬಂದಿದ್ದಾರೆ, ಒಳಗೆ ಬರಲ್ಲವಂತೆ ಎಂದಳು. ಹೊರಗೆ ಎಲೆಯುದುರಿದ ಮರದ ಕೆಳಗೆ ಒಬ್ಬ ಹೆಂಗಸು ನಿಂತಿದ್ದಳು. ಕೋಟಿನ ಕೆಳಗೆ ಸೂಪರ್ ಮಾರ್ಕೆಟ್ಟಿನ ಚೀಸ್ ಕೌಂಟರಿನವರ ಬಿಳಿ ಏಪ್ರನ್, ಕಾಲಲ್ಲಿ ಬಿಳಿ ರಬ್ಬರ್ ಮೆಟ್ಟು. ಊಟದ ಬಿಡುವಿನಲ್ಲಿ ಓಡಿ ಬಂದವಳು.

“ಸಂಗೀತದ ಸಾರ್ ನೀವೇನಾ? ನಾನು ಕ್ಲೆಮಾಂಸ್ ಅಮ್ಮ, ರೂವೆ.”

ಅವನು ಬಹಳ ಸಂತೋಷ ಎಂದ. ಕೈ ಕೊಟ್ಟ. ಅವಳ ಕೈ ತಣ್ಣಗಿತ್ತು, ಚೀಸಿನ ನೆಲಮಾಳಿಗೆಯ ವಾಸನೆ ಬಂತು. ಧನ್ಯವಾದ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಅವನು ಕುತ್ತಿಗೆ ಗಟ್ಟಿ ಮಾಡಿಕೊಂಡು ನಿಂತ.

“ಒಂದು ಮಾತು ಕೇಳ್ತೀನಿ ಸಾರ್, ಬೇಜಾರು ಮಾಡ್ಕೋಬಾರದು. ನನ್ನ ಮಗಳು ಯಾರು ಅಂತ ನಿಮಗೆ ಗೊತ್ತಾ?”

ಕಳೆದ ರಾತ್ರಿ ಅವನು ತರಗತಿಯ ಫೋಟೋಗಳ ಹಾಳೆ ತೆಗೆದು ನೋಡಿದ್ದ. ಅಂಚೆಚೀಟಿಯಷ್ಟು ಮುಖ, ಸೆಪ್ಟೆಂಬರಿನ ಬಿಸಿಲಿಗೆ ಮುಚ್ಚಿದ ಕಣ್ಣು. ಯಾವ ಹುಡುಗಿಯಾದರೂ ಆಗಬಹುದಿತ್ತು. ಗೊತ್ತು ಎನ್ನುವುದಕ್ಕೆ ನಾಲಿಗೆ ಸಿದ್ಧವಾಗಿಯೇ ಇತ್ತು, ಅದೂ ನುಣುಪಾದ ಮಾತು.

“ಗೊತ್ತಿಲ್ಲ,” ಎಂದ.

“ಅಬ್ಬಾ, ಬದುಕಿದೆ,” ಎಂದಳು ಅವಳು.

ಆಮೇಲೆ ಅವಳು ಒಂದೇ ಉಸಿರಿಗೆ ಹೇಳಿದಳು. ಬಿಡುವು ಮುಗಿಯುತ್ತ ಬಂದಿತ್ತು. “ನಿನ್ನೆ ಫೋನ್ ಬಂದಾಗ ಊಟಕ್ಕೆ ಕೂತಿದ್ವಿ. ಹೀಗಂತೆ ಕಣೇ ಅಂದೆ. ನಕ್ಕಿದ್ದು ನಕ್ಕಿದ್ದೇ ಸಾರ್, ಸೂಪು ಮೂಗಿಗೆ ಹತ್ತಿಸ್ಕೊಂಡ್ಳು. ‘ಅಮ್ಮಾ, ಅವರಿಗೆ ನಾನ್ಯಾರು ಅಂತಾನೇ ಗೊತ್ತಿಲ್ಲ, ಅರ್ಧ ಹೊತ್ತು ಕಣ್ಣು ಮುಚ್ಕೊಂಡಿರ್ತಾರೆ’ ಅಂತ. ನಿಮ್ಮ ನಡಿಗೆ ಮಾಡಿ ತೋರಿಸ್ತಾಳೆ, ಬೆನ್ನಿಗೆ ಕೈ ಇಟ್ಕೊಂಡು. ಮನೇಲಿ ಅವಳ ಬಾಯಿ ಮುಚ್ಚಿಸೋಕೆ ಆಗಲ್ಲ. ಆಮೇಲೆ ಹೆಡ್‌ಮೇಡಂ ಬಂದು ಕೂತ್ಕೋತಾರಂತೆ ಅಂದೆ ನೋಡಿ. ನಗು ನಿಂತೋಯ್ತು.” ಅವಳು ಏಪ್ರನ್ನಿನಲ್ಲಿ ಕೈ ಒರೆಸಿಕೊಂಡಳು, ಕೈ ಒದ್ದೆಯಿರಲಿಲ್ಲ. “ಎಲ್ಲಾ ಕ್ಲಾಸಲ್ಲೂ ಕಾಯ್ತಾರೆ ಸಾರ್. ಒಳ್ಳೆಯವರೇ, ದೂರೋ ಹಾಗಿಲ್ಲ. ನಗ್ತಾ ನಗ್ತಾ ಅವಳ ಬಾಯಿನೇ ನೋಡ್ತಾ ಕಾಯ್ತಾರೆ. ನೀವೊಬ್ರೇ ಕಾಯ್ತಿರಲಿಲ್ಲ. ವಾರಕ್ಕೆ ಒಂದು ಗಂಟೆ ಅವಳಿಗೆ ರಜಾ ಸಿಕ್ಕಿದ ಹಾಗಿತ್ತು. ಈಗ ಅಲ್ಲೂ ಬಂದು ಕಾದ್ರೆ ನಾಳೆಯಿಂದ ಸ್ಕೂಲಿಗೇ ಹೋಗಲ್ಲ ಅಂತಾಳೆ. ಹೋಗಲ್ಲ ಅಂದ್ರೆ ಹೋಗಲ್ಲ, ನನ್ನ ಮಗಳು ನನಗೆ ಗೊತ್ತಿಲ್ವಾ?”

“ಅವಳು ಹಾಡ್ತಾಳಾ? ಮನೇಲಿ?” ಎಂದು ಕೇಳಿದ ಶಾಬನೆಲ್. ಯಾಕೆ ಕೇಳಿದನೋ ಅವನಿಗೇ ತಿಳಿಯಲಿಲ್ಲ. ಬರೆದದ್ದಕ್ಕೆ ಒಂದು ಎಳೆಯಾದರೂ ಆಧಾರ ಸಿಗಲಿ ಎಂಬ ಆಸೆ ಇದ್ದಿರಬೇಕು.

“ಗುನುಗ್ತಾಳೆ ಒಂದೊಂದ್ಸಲ. ನಾನು ಕೇಳಿಸ್ಕೊಳ್ಳಲ್ಲ. ಕೇಳಿಸ್ಕೊಂಡೆ ಅಂತ ಗೊತ್ತಾದ್ರೆ ನಿಲ್ಲಿಸ್ತಾಳೆ.” ಹೊರಟವಳು ತಿರುಗಿದಳು. “ಕಿಟಕಿ ಕಡೆ ಕೂರ್ತಾಳೆ, ಹಸಿರು ಸ್ವೆಟರು... ಅಯ್ಯೋ, ಹೇಳಿಬಿಟ್ಟೆ ನೋಡಿ. ಈಗ ನೀವೂ ನೋಡ್ತೀರಿ.”

ಮಸೂರ ಆರಿ ಗಟ್ಟಿಯಾಗಿತ್ತು. ಅವನು ಅದನ್ನು ಚಮಚೆಯಿಂದ ಹೊಲದ ಸಾಲಿನ ಹಾಗೆ ಗೀರುತ್ತಾ ಕೂತ. ಸುಳ್ಳು ಬರೆದದ್ದು ತಪ್ಪು ಎಂದು ಬೆಳಗಿನಿಂದ ಒಂದು ಪಶ್ಚಾತ್ತಾಪವನ್ನು ಹದವಾಗಿ ಬೇಯಿಸಿಕೊಂಡಿದ್ದವನಿಗೆ, ಆ ಹೆಂಗಸು ಒಲೆಯನ್ನೇ ಪಕ್ಕಕ್ಕಿಟ್ಟು ಹೋಗಿದ್ದಳು. ಮಗುವನ್ನು ತಾನು ನೋಡದೆ ಇದ್ದದ್ದೇ ತಾನು ಅದಕ್ಕೆ ಮಾಡಿದ ಒಂದೇ ಒಂದು ಉಪಕಾರ. ನೋಡಿದ್ದೇನೆ ಎಂದು ಬರೆದದ್ದೇ ಅಪಕಾರ. ಇದಕ್ಕೆ ಹೆಮ್ಮೆಪಡಬೇಕೋ ನಾಚಬೇಕೋ? ಎರಡನ್ನೂ ಮಾಡಿ ನೋಡಿದ. ಎರಡೂ ಅಷ್ಟಾಗಿ ಹೊಂದಲಿಲ್ಲ. ಒಂದು ಮಾತ್ರ ಸ್ಪಷ್ಟವಿತ್ತು: ಹೆಡ್‌ಮೇಡಂ ಇವತ್ತು ಆ ಕೋಣೆಗೆ ಬರಬಾರದು. ಅದನ್ನು ತಪ್ಪಿಸುವುದಕ್ಕೆ ಜ್ವರ, ಕೆಟ್ಟ ಪಿಯಾನೋ, ಕಾರಿನ ಬ್ಯಾಟರಿ ಎಂಬ ಮೂರು ದಾರಿಗಳು ಒಂದರ ಹಿಂದೊಂದು ಕೈಕಟ್ಟಿ ಬಂದು ನಿಂತವು. ಮೂರೂ ಮುಂದಿನ ವಾರಕ್ಕೆ ಮುಂದೂಡುವಂಥವೇ. ಅವನು ತಟ್ಟೆಯನ್ನು ಕೌಂಟರಿಗೆ ಕೊಟ್ಟು ಮಹಡಿ ಹತ್ತಿದ.

ಆಸ್ತಿಯೇ ಮೇಡಂ ನಿಂತೇ ಮೊಸರು ತಿನ್ನುತ್ತಿದ್ದರು. ಅವನು ಹೇಳಿದ. ಹೇಳುವುದು ತೀರಾ ಬೇಗ ಮುಗಿದುಹೋಯಿತು, ಎರಡು ವಾಕ್ಯ. ಮೂರನೆಯದನ್ನು ಹುಡುಕಿದ, ಸಿಗಲಿಲ್ಲ.

“ಅಂದ್ರೆ ಅವಳು ಹಾಡಲ್ಲ.”

“ಗೊತ್ತಿಲ್ಲ ಮೇಡಂ. ಹಾಡಬಹುದು, ಹಾಡದೇನೂ ಇರಬಹುದು. ನಾನು ನೋಡಿ ಬರೀಲಿಲ್ಲ. ಅವಳು ಯಾರು ಅಂತಾನೇ ನನಗೆ ಗೊತ್ತಿರಲಿಲ್ಲ.”

“ಇದೊಂದೇನಾ, ಶಾಬನೆಲ್ ಅವರೇ, ಅಥವಾ...”

“ಇದೊಂದೇ ಅಲ್ಲ.”

ಮೇಡಂ ಮೊಸರಿನ ಬಟ್ಟಲನ್ನು ಮೇಜಿನ ಮೇಲಿಟ್ಟರು. ಚಮಚೆ ಅದರೊಳಗೆ ಸ್ವಲ್ಪ ಹೊತ್ತು ನೆಟ್ಟಗೆ ನಿಂತಿದ್ದು ಆಮೇಲೆ ವಾಲಿತು. ಬೈಗುಳ ಬರುತ್ತದೆಂದು ಅವನು ಕಾದ. ಬಂದರೆ ಹಗುರವಾಗುತ್ತದೆ ಎಂದೂ ಆಶಿಸಿದ. ಅವರು ಅಂಗಳದ ಕಡೆ ನೋಡುತ್ತಾ ಕೇಳಿದರು: “ನನ್ನ ಮಗ ಆರ್ನೊ ಮೂರು ವರ್ಷ ನಿಮ್ಮ ಕ್ಲಾಸಲ್ಲಿದ್ದ. ನಾನಾಗ ಬೇರೆ ಊರಲ್ಲಿದ್ದೆ, ಅವನು ಅವರಪ್ಪನ ಜೊತೆ ಇಲ್ಲೇ ಇದ್ದ. ಅವನಿಗೆ ನೀವು ‘ಲಯಜ್ಞಾನವಿದೆ’ ಅಂತ ಬರೆದಿದ್ರಿ. ನಿಜವಾಗ್ಲೂ ಇತ್ತಾ?”

ಆರ್ನೊ ಆಸ್ತಿಯೇ. ಅವನು ಹುಡುಕಿದ. ಒಂದು ಬೆನ್ನು, ಒಂದು ಜರ್ಕಿನ್ನು, ಒಂದು ಕೆಮ್ಮು, ಏನಾದರೂ. ಏನೂ ಇರಲಿಲ್ಲ.

“ಗೊತ್ತಿಲ್ಲ ಮೇಡಂ.”

“ನಾವು ಅವನಿಗೆ ಡ್ರಮ್ ಸೆಟ್ ಕೊಡಿಸಿದ್ವಿ,” ಎಂದರು ಮೇಡಂ.

ಆ ಡ್ರಮ್ ಸೆಟ್ಟು ಇಬ್ಬರ ನಡುವೆ, ಕಂಬಳಿ ಹೊದ್ದುಕೊಂಡು, ಧೂಳು ತಿನ್ನುತ್ತಾ ನಿಂತಿತ್ತು. “ಸರಿ. ನಾನು ಬರಲ್ಲ,” ಎಂದು ಅವರು ಬಟ್ಟಲು ಎತ್ತಿಕೊಂಡರು. “ಮನಶ್ಶಾಸ್ತ್ರದವರಿಗೂ ಬೇಡ ಅಂತ ಹೇಳ್ತೀನಿ. ಸೆವ್ರಿನ್‌ಗೆ ನೀವೇ ಹೇಳ್ಕೊಳ್ಳಿ, ಅದು ನನ್ನ ಕೈಲಾಗಲ್ಲ.” ಬಾಗಿಲ ತನಕ ಹೋದವನನ್ನು ಕರೆದು ಸೇರಿಸಿದರು: “ನೀವು ಬರೆದದ್ದು ಮಕ್ಕಳಿಗೆ ಆಗಲೇ ಗೊತ್ತಾಗಿದೆ, ನೋಡ್ಕೊಳ್ಳಿ. ಪ್ರತಿನಿಧಿಗಳು ಹೇಳದೆ ಇರ್ತಾರಾ?”

ಮೆಟ್ಟಿಲಿಳಿಯುತ್ತಾ ಅವನಿಗೆ ನೆನಪಾದದ್ದು ಆರ್ನೊ ಅಲ್ಲ. ಅಡಿಗೆಮನೆಯ ಗೋಡೆಗೆ, ಕ್ಯಾಲೆಂಡರಿನ ಪಕ್ಕ, ಅವನ ಅಮ್ಮ ಅಂಟಿಸಿಟ್ಟಿದ್ದ ಒಂದು ವರದಿ. ಅಪ್ಪ ಕೊಳಾಯಿ ಕೆಲಸದವನು. ಮಗ ಅದೇ ಕೆಲಸಕ್ಕೆ ಬರುತ್ತಾನೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆದರೆ ಎಂಟನೆಯ ತರಗತಿಯಲ್ಲಿ ಕೋಂಬ್ ಎಂಬ ಸಂಗೀತದ ಮೇಷ್ಟ್ರು, ಸದಾ ಶೀತವಾದ ಮೂಗಿನವರು, ‘ಸ್ಪಷ್ಟವಾದ ಒಲವಿದೆ’ ಎಂದು ಬರೆದರು. ಬಂದ ನೆಂಟರಿಗೆಲ್ಲ ಅಮ್ಮ ಅದನ್ನು ತೋರಿಸುತ್ತಿದ್ದಳು. ನೆಂಟರು ಓದಿ, ಅವನ ಬೆರಳುಗಳನ್ನು ನೋಡುತ್ತಿದ್ದರು. ಕೊನೆಗೆ ಅವನೂ ನೋಡಿಕೊಂಡಿದ್ದ. ಆ ಒಂದು ಸಾಲಿನ ಮೇಲೆ ಪಿಯಾನೋ, ಪರೀಕ್ಷೆಗಳು, ಎರಡು ಊರು, ಹಿಮ ಕೆರೆಯುವ ಸಿ.ಡಿ. ಡಬ್ಬಿ, ಇಡೀ ಒಂದು ಜೀವ ಕಟ್ಟಿಕೊಂಡಿತ್ತು. ಕೋಂಬ್ ಮೇಷ್ಟ್ರು ಅದನ್ನು ಯಾವ ಭಾನುವಾರ, ಏನನ್ನು ನೋಡುತ್ತಾ ಬರೆದರೋ. ಅವರು ಎಂದಾದರೂ ಅವನನ್ನು ಹೆಸರು ಹಿಡಿದು ಕರೆದದ್ದುಂಟೆ? ಮೆಟ್ಟಿಲುಗಳು ಮುಗಿದವು. ವಿಚಿತ್ರವೆಂದರೆ ಸಿಟ್ಟು ಬರಲಿಲ್ಲ. ಕೊಳಾಯಿಯವನಾಗಿದ್ದರೆ ಇಷ್ಟು ಹೊತ್ತಿಗೆ ಫ್ರಾಂಕನ ಹಾಗೆ ತನಗೂ ಮಂಡಿನೋವು ಇರುತ್ತಿತ್ತು ಎಂಬಷ್ಟೇ ಯೋಚನೆ ಬಂತು.

ಏಳನೇ ಬಿ ಸಂಗೀತದ ಕೋಣೆಯ ಹೊರಗೆ ಸಾಲು ನಿಂತಿತ್ತು. ಎಂದಿನ ಗಲಾಟೆ ಇರಲಿಲ್ಲ. ಹಬ್ಬದ ಊಟಕ್ಕೆ ಮುಂಚಿನಂಥ ಒಂದು ಪಿಸುಗುಟ್ಟುವಿಕೆ. ಮಕ್ಕಳು ಒಳಗೆ ಬಂದರು, ಕೂತರು. ಅವನ ಕಣ್ಣು ಕಿಟಕಿಯ ಕಡೆ ಹೋಗಬಾರದು. ಅಲ್ಲಿಗೆ ಹೋಗಬಾರದು ಎಂದುಕೊಂಡ ಕ್ಷಣದಿಂದ ಇಡೀ ಕೋಣೆ ಒಂದು ಪಕ್ಕಕ್ಕೆ ವಾಲಿದ ದೋಣಿಯ ಹಾಗಾಯಿತು. ಕಣ್ಣಿನ ಅಂಚಿನಲ್ಲಿ ಹಸಿರೊಂದು ಇತ್ತು. ಅಂಚಿನಲ್ಲೇ ಇರಲಿ. ಮೂವತ್ತು ವರ್ಷ ಪ್ರಯತ್ನವಿಲ್ಲದೆ ಮಾಡಿಕೊಂಡು ಬಂದ ಕೆಲಸ, ನೋಡದೆ ಇರುವುದು, ಇವತ್ತು ಮೊದಲ ಸಲ ಕಲಿಯಬೇಕಾದ ವಿದ್ಯೆಯಾಗಿತ್ತು.

“ಸಾರ್,” ಹಿಂದಿನಿಂದ ಒಬ್ಬ ಹುಡುಗ ಕೂಗಿದ, “ಕ್ಲೆಮಾಂಸ್ ಹಾಡ್ತಾಳಂತೆ! ನಮಗೂ ಕೇಳ್ಸಿ ಸಾರ್!”

“ಹೌದು ಸಾರ್, ಒಬ್ಳೇ ಹಾಡ್ಲಿ!”

“ನಾವು ಇಷ್ಟು ದಿನ ಕಿವುಡರಾಗಿದ್ವಾ ಸಾರ್?”

ನಗು ಎದ್ದಿತು. ಕೆಟ್ಟ ನಗುವಲ್ಲ, ಆದರೆ ಅದಕ್ಕೆ ಒಂದು ದಿಕ್ಕಿತ್ತು. ತಲೆಗಳು ಒಂದೊಂದಾಗಿ, ಗಾಳಿಗೆ ಹೊಲ ಬಾಗುವಂತೆ, ಕಿಟಕಿಯ ಕಡೆ ತಿರುಗತೊಡಗಿದವು. ಇನ್ನೊಂದು ಕ್ಷಣಕ್ಕೆ ಅವೆಲ್ಲ ತಿರುಗಿ, ನಗುತ್ತಾ, ಕಾಯತೊಡಗುತ್ತವೆ.

“ಹಾಗಂತ ಬರೆದೋನು ನಾನು,” ಎಂದ ಶಾಬನೆಲ್, ಬೇಕಾದ್ದಕ್ಕಿಂತ ಗಟ್ಟಿಯಾಗಿ. “ತಪ್ಪು ಬರೆದೆ. ಯಾರು ಹಾಡ್ತಾರೆ, ಯಾರು ಹಾಡಲ್ಲ ನನಗೇನೂ ಗೊತ್ತಿಲ್ಲ. ನಿಮ್ಮಲ್ಲಿ ಯಾರ ಹೆಸರು ಏನು ಅಂತಾನೂ ನನಗೆ ಸರಿಯಾಗಿ ಗೊತ್ತಿಲ್ಲ.”

ತಲೆಗಳು ಅರ್ಧಕ್ಕೆ ನಿಂತವು. ಮೇಷ್ಟ್ರೊಬ್ಬರು ಹೀಗೆ ಹೇಳುವುದು ಬೈಜಾಂಟಿಯಮ್ಮಿಗಿಂತ ಸ್ವಾರಸ್ಯವಾಗಿತ್ತು. ಮುಂದಿನ ಬೆಂಚಿನಿಂದ ಇಲೋನಾ, ಹಲ್ಲಿನ ತಂತಿ ಮಿನುಗಿಸುತ್ತಾ, ನಿನ್ನೆ ನುಂಗಿಕೊಂಡದ್ದನ್ನೆಲ್ಲ ಒಟ್ಟಿಗೆ ಹೊರಗೆ ತಂದಳು. “ಹಾಗಾದ್ರೆ ಹೇಳಿ ಸಾರ್, ನಮ್ಮಲ್ಲಿ ಕ್ಲೆಮಾಂಸ್ ಯಾರು? ಬೆರಳು ಮಾಡಿ ತೋರ್ಸಿ ನೋಡೋಣ!”

ಈಗ ಎಲ್ಲರ ಕಣ್ಣೂ ಅವನ ಬೆರಳಿನ ಮೇಲಿತ್ತು. ನೆಂಟರು ನೋಡುತ್ತಿದ್ದ ಅದೇ ಬೆರಳು. ಕೋಣೆಯ ಅಂಚಿನ ಹಸಿರು ಉಸಿರು ಹಿಡಿದದ್ದು ಅವನಿಗೆ ಕೇಳಿಸಿತು, ಅಥವಾ ಕೇಳಿಸಿತು ಅನ್ನಿಸಿತು. ಅವನು ಬೆರಳನ್ನು ಎತ್ತಿ, ಸಾಲುಗಳ ಮೇಲೆ ನಿಧಾನವಾಗಿ ಒಂದು ಸುತ್ತು ಆಡಿಸಿ, ಹುಬ್ಬು ಗಂಟಿಕ್ಕಿ, ತಂದು ಇಲೋನಾಳ ಮೂಗಿನ ಮುಂದೆ ನಿಲ್ಲಿಸಿದ.

“ನೀನೇ ಅಲ್ವಾ?”

ಛಾವಣಿ ಹಾರಿಹೋಗುವಂತೆ ಕೋಣೆ ನಕ್ಕಿತು. “ನಾನಾ?” ಎಂದು ಇಲೋನಾ ಕಿರುಚಿದಳು, “ನಾನಾ ಸಾರ್? ನಿನ್ನೆ ಮೀಟಿಂಗಲ್ಲಿ ನಿಮ್ಮ ಎದುರಿಗೇ ಕೂತಿದ್ದೆ!” ಯಾರೋ ಬೆಂಚು ಬಡಿದರು. ಯಾರೋ, “ಇಲೋನಾ ಮೂಗಿ! ಇಲೋನಾ ಮೂಗಿ! ದೇವರೇ, ಅಷ್ಟು ಅದೃಷ್ಟ ಎಲ್ಲಿ!” ಎಂದರು. “ನಾನ್ಯಾರು ಹೇಳಿ ಸಾರ್!” “ನಾನು ಸಾರ್, ನಾನು!” ಎಲ್ಲ ಕೈಗಳೂ ಎದ್ದವು. ಅವನು ಒಬ್ಬೊಬ್ಬರಿಗೂ ಒಂದೊಂದು ಹೆಸರಿಟ್ಟ. ಕೆಲವು ಬೇಕೆಂದೇ ತಪ್ಪಿಸಿದ, ಹೆಚ್ಚಿನವು ತಾವಾಗಿ ತಪ್ಪಿದವು. ಪ್ರತಿಯೊಂದು ತಪ್ಪಿಗೂ ಕೋಣೆ ಹೊಟ್ಟೆ ಹಿಡಿದುಕೊಂಡಿತು. ಸಂಜೆಯೊಳಗೆ ಇದು ಶಾಲೆಯನ್ನೆಲ್ಲ ಸುತ್ತಿ, ಊಟದ ಮೇಜುಗಳಿಗೆ ಹೋಗಿ, ನಾಳೆ ಗುಡ್ಡ ದಾಟಿ ಇನ್ನೊಂದು ಊರಿಗೂ ತನಗಿಂತ ಮುಂಚೆ ತಲುಪುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಸೆವ್ರಿನ್ ಇನ್ನು ಟಾರ್ಟು ಕೊಡುವುದಿಲ್ಲ. ನಗುವಿನ ನಡುವೆ, ಕಿಟಕಿಯ ಕಡೆಯಿಂದ, ಮೂಗಿಗೆ ಸೂಪು ಹತ್ತಿದವರು ನಗುವಂಥ ಒಂದು ಗೊರ್ರೆಂಬ ಸದ್ದು ಕೇಳಿಸಿದ ಹಾಗಾಯಿತು. ಅವನು ಆ ಕಡೆ ತಿರುಗಲಿಲ್ಲ.

“ಸಾಕು, ಸಾಕು. ಹಾಡು. ಹೋದ ವಾರದ ನಾವಿಕರ ಹಾಡೇ. ಏಳಿ, ಎಲ್ಲರೂ ಒಟ್ಟಿಗೆ.”

ಹಳೆಯ ಪಿಯಾನೋ ನುಡಿಸುವವನ ಮುಖ ಮಕ್ಕಳ ಕಡೆ ಬರುವಂತೆ ನಿಂತಿತ್ತು. ಮೇಷ್ಟ್ರು ನುಡಿಸುತ್ತಲೇ ಎಲ್ಲರನ್ನೂ ನೋಡುತ್ತಿರಬೇಕೆಂದು ಯಾವುದೋ ಕಾಲದ ಇನ್ಸ್‌ಪೆಕ್ಟರು ಹಾಗೆ ಇಡಿಸಿದ್ದು. ಶಾಬನೆಲ್ ಅದಕ್ಕೆ ಹೆಗಲು ಕೊಟ್ಟು ತಳ್ಳಿದ. ಗಾಲಿಗಳು ತುಕ್ಕು ಹಿಡಿದು ಕಿರುಗುಟ್ಟಿದವು. ಇಬ್ಬರು ಹುಡುಗರು, ಕಾರಣ ಕೇಳದೆ, ಬಂದು ಕೈ ಕೊಟ್ಟರು. ಪಿಯಾನೋ ಗೋಡೆಗೆ ಒರಗಿ ನಿಂತಿತು. ಅವನು ಮಕ್ಕಳಿಗೆ ಬೆನ್ನು ಹಾಕಿ ಕೂತ. ಎದುರಿಗೆ ಸುಣ್ಣದ ಗೋಡೆ, ಅದರ ಮೇಲೆ ಕಿತ್ತ ಪೋಸ್ಟರೊಂದರ ನಾಲ್ಕು ಮೂಲೆಗಳು. ಬೆನ್ನಿನ ಹಿಂದೆ ಮಕ್ಕಳು ಕೆಮ್ಮಿ, ಒಬ್ಬರನ್ನೊಬ್ಬರು ತಳ್ಳಿ, ಸುಮ್ಮನಾದರು. ಅವನು ಶ್ರುತಿ ಕೊಟ್ಟ. ಹಾಡು ಎದ್ದಿತು, ಎಂದಿನ ಹಾಗೆ ಒಂದಿಷ್ಟು ತಗ್ಗಿನಲ್ಲಿ, ಒಂದಿಷ್ಟು ಆತುರದಲ್ಲಿ. ಇಲೋನಾಳ ಗಂಟಲು ಎಲ್ಲಕ್ಕಿಂತ ಮುಂದೆ ಓಡುತ್ತಿತ್ತು. ಎರಡನೆಯ ಚರಣದಲ್ಲಿ ಆ ಒಟ್ಟು ಸದ್ದಿನ ಕೆಳಗೆ, ಎಡಕ್ಕೆ, ಕಿಟಕಿಯ ಕಡೆಯಿಂದ, ತೆಳ್ಳಗೆ ಇನ್ನೊಂದು ಎಳೆ ಸೇರಿದ ಹಾಗೆ ಆಯಿತು. ಇರಬಹುದು. ಹಳೆಯ ಕಿಟಕಿಯ ಗಾಜೂ ಕೆಲವು ಸ್ವರಗಳಿಗೆ ಹಾಗೆಯೇ ಝೇಂಕರಿಸುತ್ತಿತ್ತು. ಕಿವಿ ತಾನಾಗಿ ಆ ಕಡೆ ಹೊರಟಿತು. ಶಾಬನೆಲ್ ಎಡಗೈಯ ಸ್ವರಗಳನ್ನು ಸ್ವಲ್ಪ ಜೋರಾಗಿ ಒತ್ತಿ ಆ ಎಳೆಯನ್ನು ಮುಚ್ಚಿದ.